ಪಂಚಾಯಿತಿಯ ದುಡ್ಡು ಕರೆಂಟು ಉಳಿಸುವುದಕ್ಕೂ ಹೋಗಲಿ

ಗ್ರಾಮ ಪಂಚಾಯಿತಿಯ ಲೆಕ್ಕಪತ್ರ ಕೇಳುವ ಅಭ್ಯಾಸ ನಮ್ಮ ರೈತರಲ್ಲಿ ಈಗ ಅಷ್ಟಿಷ್ಟು ಬೆಳೆದಿದೆ. ಚರಂಡಿಗೆ ಎಷ್ಟು ಖರ್ಚಾಯಿತು, ಆ ಬೀದಿಗೆ ಕಾಂಕ್ರೀಟು ಹಾಕಿದವರು ಈ ಬೀದಿಯನ್ನೇಕೆ ಬಿಟ್ಟರು ಎಂದು ಗ್ರಾಮ ಸಭೆಯಲ್ಲಿ ಎದ್ದುನಿಂತು ಕೇಳುವವರಿದ್ದಾರೆ. ಆದರೆ ಪಂಚಾಯಿತಿಯ ಕರೆಂಟಿನ ಬಿಲ್ಲು ಎಷ್ಟು ಎಂದು ಕೇಳಿದವರನ್ನು ನಾನು ಕಂಡಿರುವುದು ಬಹಳ ಕಡಿಮೆ. ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪ ಇವೆರಡೂ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಹೊಣೆ. ಇವುಗಳ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಬಾಕಿ ನಿಂತರೆ ಬೆಳೆಯುತ್ತದೆ. ಬರುವ ಅನುದಾನದಲ್ಲಿ ಒಂದು ಪಾಲು ಈ ಬಿಲ್ಲಿಗೆ ಹೋದ ಮೇಲೆ ಉಳಿದದ್ದರಲ್ಲಿ ಊರಿನ ಕೆಲಸ ನಡೆಯಬೇಕು. ಚರಂಡಿಗೆ ದುಡ್ಡಿಲ್ಲ ಎಂದು ಅಧ್ಯಕ್ಷರು ಹೇಳುವಾಗ, ಆ ದುಡ್ಡು ಕೊಳವೆ ಬಾವಿಯ ತಳದಲ್ಲಿ ಹೇಗೆ ಕರಗುತ್ತಿದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ.

ಕರೆಂಟು ಕೊಡುವ ಯೋಜನೆಗಳು ನಮ್ಮಲ್ಲಿ ಬಹಳ ಇವೆ, ಕರೆಂಟು ಉಳಿಸಲು ದುಡ್ಡು ಕೊಡುವ ಯೋಜನೆಗಳು ಬಹಳ ಕಡಿಮೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯನ್ನೇ ನೋಡಿ. ಮನೆಯ ಮೇಲೆ ಸೌರ ಫಲಕ ಹಾಕಿಸಿದವರಿಗೆ 78,000 ರೂಪಾಯಿಯವರೆಗೆ ಸಹಾಯಧನವಿಟ್ಟರು, ಅಂಥ ಒಂದೊಂದು ಮನೆಗೂ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವನ್ನೂ ಗೊತ್ತುಮಾಡಿದರು. ಒಳ್ಳೆಯದೇ. ಆದರೆ ಅದೇ ಪಂಚಾಯಿತಿ ತನ್ನ ಊರಿನ ಮನೆಗಳಲ್ಲಿ ಕರೆಂಟಿನ ಖರ್ಚನ್ನೇ ತಗ್ಗಿಸಿ ತೋರಿಸಿದರೆ ಅದಕ್ಕೆ ಪ್ರೋತ್ಸಾಹಧನವಿಲ್ಲ. ಸೋರುವ ಕೊಡಕ್ಕೆ ಇನ್ನೊಂದು ನಲ್ಲಿ ತಿರುಗಿಸಿದಂತೆ ಇದು. ಗ್ರಾಮ ಪಂಚಾಯಿತಿಯೇ ಮುಂದಾಗಿ ಕರೆಂಟು ಉಳಿಸುವ ಕೆಲಸಕ್ಕೆ ಹಣ ತೊಡಗಿಸಬೇಕು, ಮೊದಲು ತನ್ನ ಪಂಪಿಗೆ ಮತ್ತು ದೀಪಕ್ಕೆ, ಅದರಲ್ಲಿ ಉಳಿದ ಹಣದಿಂದ ಮನೆಗಳಿಗೆ ಹಾಗೂ ಊರಿನ ಸಣ್ಣ ಉದ್ಯಮಗಳಿಗೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿಯೇ ನೋಡೋಣ. 1,000 ಲೀಟರ್ ನೀರನ್ನು 100 ಮೀಟರ್, ಅಂದರೆ ಸುಮಾರು 330 ಅಡಿ ಮೇಲಕ್ಕೆತ್ತಲು, ಎಲ್ಲಿಯೂ ನಷ್ಟವಾಗದಿದ್ದರೆ, 0.27 ಯೂನಿಟ್ ಕರೆಂಟು ಸಾಕು. ನಷ್ಟವೇ ಇಲ್ಲದ ಯಂತ್ರ ಲೋಕದಲ್ಲಿಲ್ಲ. ಮೋಟಾರಿನಲ್ಲಿ ಒಂದಷ್ಟು, ಪಂಪಿನಲ್ಲಿ ಒಂದಷ್ಟು ಹೋಗಿ, ಒಳ್ಳೆಯ ಸಬ್‌ಮರ್ಸಿಬಲ್ ಸೆಟ್ಟು ಅರ್ಧದಷ್ಟು ಶಕ್ತಿಯನ್ನು ನೀರಿಗೆ ಕೊಟ್ಟರೆ ಅದು ಚೆನ್ನಾಗಿದೆ ಎನ್ನಬೇಕು. ಸವೆದ, ಹಲವು ಬಾರಿ ಸುತ್ತಿಸಿದ, ಬಾವಿಗೆ ಹೊಂದದ ಸೆಟ್ಟು ಕಾಲು ಭಾಗವನ್ನು ಮಾತ್ರ ಕೊಡುತ್ತದೆ. ಈಗ 2,000 ಜನರ ಊರೊಂದನ್ನು ತೆಗೆದುಕೊಳ್ಳಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ 1,10,000 ಲೀಟರ್ ನೀರು ಬೇಕು. ಒಳ್ಳೆಯ ಸೆಟ್ಟಿಗೆ ದಿನಕ್ಕೆ 60 ಯೂನಿಟ್, ಕೆಟ್ಟ ಸೆಟ್ಟಿಗೆ 120 ಯೂನಿಟ್. ವರ್ಷಕ್ಕೆ ವ್ಯತ್ಯಾಸ 21,900 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ 1,31,400 ರೂಪಾಯಿ! ನೀರು ಮಾತ್ರ ಮೊದಲಿನಷ್ಟೇ, ಒಂದು ಕೊಡವೂ ಹೆಚ್ಚು ಬರಲಿಲ್ಲ. ಹೊಸ ಪಂಪು, ಹೊಸ ಪೈಪು ಸೇರಿ ಲಕ್ಷ ದಾಟಿದರೂ ಹಾಕಿದ ಹಣ ಬೇಗನೆ ಮರಳುತ್ತದೆ.

ನಿಮ್ಮೂರಿನ ಪಂಪು ಯಾವ ಜಾತಿಯದು ಎಂದು ತಿಳಿಯಲು ಇಂಜಿನಿಯರು ಬರುವ ತನಕ ಕಾಯಬೇಕಾಗಿಲ್ಲ. ಮೇಲ್ತೊಟ್ಟಿ ಎಷ್ಟು ಲೀಟರಿನದು ಎಂಬುದು ಸಾಮಾನ್ಯವಾಗಿ ಅದರ ಮೇಲೆಯೇ ಬರೆದಿರುತ್ತದೆ. ತೊಟ್ಟಿ ಬರಿದಾದಾಗ ಹೊರಬಿಡುವ ವಾಲ್ವು ಮುಚ್ಚಿ, ಮೀಟರಿನ ಅಂಕಿ ಬರೆದುಕೊಂಡು ಪಂಪು ಚಾಲೂ ಮಾಡಿಸಿ. ತುಂಬಿದ ಕೂಡಲೇ ಮತ್ತೆ ಅಂಕಿ ಬರೆದುಕೊಳ್ಳಿ. 50,000 ಲೀಟರಿನ ತೊಟ್ಟಿಗೆ 27 ಯೂನಿಟ್ ಹೋಯಿತೆಂದರೆ 1,000 ಲೀಟರಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಬಾವಿಯೊಳಗಿನ ನೀರಿನ ಮಟ್ಟದಿಂದ ತೊಟ್ಟಿಯ ಬಾಯಿಯವರೆಗೆ 100 ಮೀಟರ್ ಇದ್ದರೆ ಆ ಸೆಟ್ಟನ್ನು ಮುಟ್ಟಬೇಡಿ. ಅದೇ ತೊಟ್ಟಿಗೆ 50 ಯೂನಿಟ್ ಹೋದರೆ ಕೂಡಲೇ ಬದಲಾಯಿಸುವ ಮಾತಾಡಿ. ನೀರುಗಂಟಿಯ ಸಹಾಯವಿದ್ದರೆ ಅರ್ಧ ದಿನದ ಕೆಲಸ ಇದು.

ಬದಲಾಯಿಸುವ ಮುನ್ನ ಇನ್ನೊಂದನ್ನು ನೋಡಬೇಕು. ನನ್ನ ಹೋಬಳಿಯ ಊರೊಂದರಲ್ಲಿ ಗೇಟ್ ವಾಲ್ವನ್ನು ಅರ್ಧ ಮುಚ್ಚಿಯೇ ಪಂಪು ಓಡಿಸುತ್ತಿದ್ದರು. ಕೇಳಿದರೆ, ಪೂರ್ತಿ ತೆರೆದರೆ ಬಾವಿ ಬರಿದಾಗಿ ಮೋಟಾರು ಸುಡುತ್ತದೆ ಎಂದರು. ಮಾತು ನಿಜವೇ. ಬಾವಿಯಲ್ಲಿ ಬರುವ ನೀರು ಕಡಿಮೆ, ಇಳಿಸಿದ ಪಂಪು ದೊಡ್ಡದು. ದೊಡ್ಡ ಪಂಪು ತಂದರೆ ಹೆಚ್ಚು ನೀರು ಬಂದೀತೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, 5 ಅಶ್ವಶಕ್ತಿ ಸಾಕಾಗುವಲ್ಲಿ ಏಳೂವರೆ ತಂದು, ಆಮೇಲೆ ವಾಲ್ವು ತಿರುಗಿಸಿ ಅದರ ಕತ್ತು ಹಿಸುಕುತ್ತೇವೆ. ಇಂಥ ಕಡೆ ಹೊಸ ಪಂಪನ್ನೂ ಅದೇ ಅಶ್ವಶಕ್ತಿಯದನ್ನೇ ತಂದರೆ ಏನೂ ಉಳಿಯುವುದಿಲ್ಲ. ತುಕ್ಕು ಹಿಡಿದು ತೂತಾದ ಪೈಪಿನ ಕಥೆಯೂ ಹೀಗೆಯೇ. ಎತ್ತಿದ ನೀರು ಮತ್ತೆ ಬಾವಿಗೇ ಸುರಿಯುತ್ತಿರುತ್ತದೆ, ಮೇಲಿನವರಿಗೆ ಕಾಣುವುದಿಲ್ಲ.

ಬೀದಿದೀಪದ ವಿಷಯ ಎಲ್ಲರ ಕಣ್ಣಿಗೂ ಕಾಣುವಂಥದು. ಹಳೆಯ 40 ವಾಟ್ ಟ್ಯೂಬು ಚೋಕು ಸೇರಿ 50 ವಾಟ್‌ನಷ್ಟು ತಿನ್ನುತ್ತದೆ. 20 ವಾಟ್‌ನ ಎಲ್‌ಇಡಿ ಅಷ್ಟೇ ಬೆಳಕು ಕೊಡುತ್ತದೆ. ಬಹಳಷ್ಟು ಪಂಚಾಯಿತಿಗಳು ಈಗಾಗಲೇ ಎಲ್‌ಇಡಿ ಹಾಕಿಸಿವೆ. ಹಾಕಿಸಿಯೂ ಬಿಲ್ಲು ಇಳಿಯಲಿಲ್ಲ ಎಂಬ ದೂರು ಕೇಳಿಬರುತ್ತದೆ. ಕಾರಣ ಮಧ್ಯಾಹ್ನ 12 ಗಂಟೆಗೆ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಸಿಗುತ್ತದೆ. ದೀಪಕ್ಕೆಂದೇ ಬೇರೆ ತಂತಿ, ಬೇರೆ ಸ್ವಿಚ್ಚು ಇಲ್ಲದ ಕಂಬಗಳಲ್ಲಿ ದೀಪ ಹಗಲೂ ರಾತ್ರಿ ಉರಿಯುತ್ತದೆ. ರಾತ್ರಿ 12 ಗಂಟೆ ಉರಿದ ಹಳೆಯ ಟ್ಯೂಬಿಗೆ 600 ವಾಟ್‌ಗಂಟೆ ಬೇಕಿತ್ತು. 24 ಗಂಟೆ ಉರಿಯುವ ಎಲ್‌ಇಡಿಗೆ 480 ಬೇಕು. ರಾತ್ರಿ ಮಾತ್ರ ಉರಿದಿದ್ದರೆ 240 ಸಾಕಿತ್ತು. ಉಳಿಯಬೇಕಾಗಿದ್ದ 360ರಲ್ಲಿ 240ನ್ನು ಸೂರ್ಯನಿಗೆ ದೀಪ ಹಿಡಿಯಲು ಖರ್ಚು ಮಾಡಿದಂತಾಯಿತು. ಆದಕಾರಣ ದೀಪ ಬದಲಾಯಿಸುವ ಅಂದಾಜುಪಟ್ಟಿಯಲ್ಲಿ ಸ್ವಿಚ್ಚಿನ ತಂತಿ, ಹೊತ್ತಿಗೆ ಸರಿಯಾಗಿ ಆರಿಸುವ ಟೈಮರು ಮತ್ತು ಮೀಟರು ಮೊದಲ ಸಾಲಿನಲ್ಲಿರಬೇಕು. ಮೀಟರಿಲ್ಲದೆ ಅಂದಾಜಿನ ಮೇಲೆ ಬಿಲ್ಲು ಹಾಕುವ ಕಡೆ ನೀವು ಎಷ್ಟು ಉಳಿಸಿದರೂ ಕಾಗದದ ಮೇಲೆ ಉಳಿತಾಯ ಕಾಣುವುದಿಲ್ಲ.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಶೇಕಡಾ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಲು ಬಿಟ್ಟಿತ್ತು. ಆ ಹಣದಲ್ಲಿ ಹೊಸ ಕೊಳವೆ ಬಾವಿ ಕೊರೆಸಿದ ಪಂಚಾಯಿತಿಗಳು ಲೆಕ್ಕವಿಲ್ಲದಷ್ಟು, ಇರುವ ಪಂಪನ್ನು ಸರಿಪಡಿಸಿ ಉಳಿತಾಯ ತೋರಿಸಿದ ಪಂಚಾಯಿತಿಗಳನ್ನು ಹುಡುಕಬೇಕು. ಕುಡಿಯುವ ನೀರಿನ ಪಂಪನ್ನು ಬದಲಾಯಿಸುವುದು ಕುಡಿಯುವ ನೀರಿನ ಕೆಲಸವಲ್ಲದೆ ಮತ್ತೇನು? ಅನುದಾನದ ಹೆಸರು ಬದಲಾಗಬಹುದು, ಮುಂದಿನ ಕ್ರಿಯಾಯೋಜನೆಯಲ್ಲಿ ಈ ಕೆಲಸಕ್ಕೆ ಒಂದು ಸಾಲು ಬರೆಸಬೇಕು.

ಇನ್ನು ಮನೆಗಳು. 2023ರಲ್ಲಿ ರಾಜ್ಯದಲ್ಲಿ ಗೃಹಜ್ಯೋತಿ ಆರಂಭವಾದ ಮೇಲೆ, ಕರೆಂಟೇ ಬಿಟ್ಟಿಯಾದಾಗ ಉಳಿಸುವುದೇಕೆ ಎಂಬ ಮಾತು ಕೇಳುತ್ತಿದೆ. ಯೋಜನೆಯ ನಿಯಮವನ್ನು ಸರಿಯಾಗಿ ಓದಿದವರು ಹೀಗೆ ಹೇಳಲಾರರು. ಅದು ಎಲ್ಲರಿಗೂ 200 ಯೂನಿಟ್ ಕೊಡುವ ಯೋಜನೆಯಲ್ಲ. ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದರು. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು ತಿರುಗುವಾಗ ಈ ಗೆರೆ ದಾಟಿ ಬೆಚ್ಚಿಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಹಳೆಯ ಫ್ಯಾನು 75 ವಾಟ್ ತಿಂದರೆ, ಐದು ನಕ್ಷತ್ರದ ಹೊಸ ಮಾದರಿಯದು 30 ವಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 10 ಗಂಟೆ ಓಡಿದರೆ ಒಂದು ಫ್ಯಾನಿನಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ. ಈ ಪುಟವನ್ನು ಪಂಚಾಯಿತಿಯ ವಾಚನಾಲಯದಲ್ಲಿ ಓದುತ್ತಿರುವವರು ಒಮ್ಮೆ ಮೇಲೆ ನೋಡಿ, ತಿರುಗುತ್ತಿರುವ ಫ್ಯಾನು ಎಷ್ಟು ಹಳೆಯದೆಂದು ತಿಳಿದೀತು. ಹೊಸ ಫ್ಯಾನಿನ ಬೆಲೆ ಹೆಚ್ಚು, ಒಮ್ಮೆಗೇ ಕೊಡಲು ಕೂಲಿಕಾರರ ಮನೆಗೆ ಆಗದು. ಕಂತಿನ ಸಾಲ ಬೇಕಾಗುವುದು ಇಲ್ಲಿಯೇ.

ಕರೆಂಟಿಗಿಂತ ಸೌದೆಯೇ ಹೆಚ್ಚು ಉರಿಯುವ ಮನೆಗಳನ್ನೂ ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ ಒಲೆಯನ್ನು ಹಿರಿಯ ಓದುಗರು ಬಲ್ಲರು. ಹೊಗೆ ಮನೆಯಿಂದಾಚೆ ಹೋಗುತ್ತಿತ್ತು, ಸೌದೆ ಉಳಿಯುತ್ತಿತ್ತು. ದೇಶದಾದ್ಯಂತ ಸುಧಾರಿತ ಒಲೆಯ ಕಾರ್ಯಕ್ರಮವೂ 1980ರ ದಶಕದಲ್ಲಿ ಬಂತು, 2002ರಲ್ಲಿ ನಿಂತಿತು. ಒಲೆ ಕಟ್ಟಿಸಿದ ಲೆಕ್ಕ ಇಲಾಖೆಗಳಲ್ಲಿ ಇತ್ತು. ಕಟ್ಟಿದ ಒಲೆ ಬಿರುಕು ಬಿಟ್ಟಾಗ ಸರಿಪಡಿಸುವವರು ಊರಿನಲ್ಲಿ ಇರಲಿಲ್ಲ. ಮನೆಗಳಿಗೆಂದು ಪಂಚಾಯಿತಿ ಹಣ ಹಾಕುವಾಗ ರಿಪೇರಿಯ ಮಾತನ್ನು ಮೊದಲೇ ಆಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಊರಿನ ಉದ್ಯಮಗಳೆಂದರೆ ಹಿಟ್ಟಿನ ಗಿರಣಿ, ಹೋಟೆಲು, ಬೆಲ್ಲದ ಆಲೆಮನೆ, ರಾಮನಗರ–ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವವರು. ಗಿರಣಿಯಲ್ಲಿ ಸಡಿಲವಾದ ಬೆಲ್ಟು, ಕೆಟ್ಟ ಕೆಪಾಸಿಟರು, ಸುತ್ತಿಸಿ ಸುತ್ತಿಸಿ ಬಿಸಿಯಾಗುವ ಮೋಟಾರು ಇವು ತಿಂಗಳ ಲಾಭವನ್ನೇ ನುಂಗುತ್ತವೆ. ಗೃಹಜ್ಯೋತಿ ಇವರಿಗಿಲ್ಲ, ಒಂದೊಂದು ಯೂನಿಟ್ಟಿಗೂ ಹಣ ಕಟ್ಟುತ್ತಾರೆ. ಹಾಗಾಗಿ ಸಾಲ ಕೊಟ್ಟರೆ ತಪ್ಪದೆ ತೀರಿಸುವವರೂ ಇವರೇ. ಮೊದಲ ಸರದಿ ಇವರಿಗೆ ಕೊಡಬೇಕೆಂಬುದು ನನ್ನ ಸಲಹೆ. ಮನೆಯವರು ಆಕ್ಷೇಪಿಸಬಹುದು, ಆದರೆ ಹಣ ತಿರುಗಿ ಬಂದರಷ್ಟೇ ಮನೆಯ ಸರದಿಯೂ ಬರುತ್ತದೆ.

ಸಾಲವನ್ನು ವಸೂಲು ಮಾಡುವುದು ಹೇಗೆ? ಮನೆ ಕಂದಾಯದ ಜೊತೆಗೇ ಕಂತು ಕಟ್ಟಿಸಿಕೊಂಡರಾಯಿತು ಎನ್ನುವವರಿದ್ದಾರೆ. ಈ ಪದ್ಧತಿಯನ್ನು ಬೇರೆ ದೇಶದಲ್ಲಿ ಮಾಡಿ ನೋಡಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ನಗರಾಡಳಿತ 2008ರಲ್ಲಿ ಮನೆಯವರಿಗೆ ಸೌರ ಫಲಕಕ್ಕೆ ಹಣ ಕೊಟ್ಟು, 20 ವರ್ಷ ಆಸ್ತಿ ತೆರಿಗೆಯೊಂದಿಗೆ ಮರಳಿ ಪಡೆಯುವ ಏರ್ಪಾಡು ಮಾಡಿತು. ಮನೆಯ ಶಾಖ ಕಾಪಾಡುವ ಕೆಲಸಗಳಿಗೂ ಇದು ಬೇರೆ ಕಡೆ ಹಬ್ಬಿತು. 2010ರಲ್ಲಿ ಗೃಹಸಾಲದ ಸಂಸ್ಥೆಗಳ ಮೇಲ್ವಿಚಾರಕರು, ತೆರಿಗೆಯ ಬಾಕಿ ತಮ್ಮ ಸಾಲಕ್ಕಿಂತ ಮುಂದೆ ನಿಲ್ಲುತ್ತದೆಂದು ತಕರಾರು ತೆಗೆದರು. ಸಾಲಗಾರರಿಗೆ ಸಾಕಷ್ಟು ರಕ್ಷಣೆಯಿಲ್ಲವೆಂದು ಲಾಸ್ ಏಂಜಲಿಸ್ ಕೌಂಟಿ 2020ರಲ್ಲಿ ತನ್ನ ಯೋಜನೆಯನ್ನೇ ನಿಲ್ಲಿಸಿತು. ಸಾಲಕ್ಕೆ ಮನೆಯನ್ನೇ ಕಟ್ಟಿಹಾಕಿದರೆ ತೀರಿಸಲಾಗದವರ ಮನೆಗೇ ಆಪತ್ತು. ನಮ್ಮಲ್ಲಿ ಮನೆ ಕಂದಾಯವೇ ಪೂರ್ತಿ ವಸೂಲಾಗುವುದಿಲ್ಲ. ಅದರ ಬೆನ್ನಿಗೆ ಸಾಲ ಕಟ್ಟಿದರೆ ಎರಡೂ ನಿಂತೀತು.

ನಮಗೆ ಒಗ್ಗುವ ದಾರಿ ನಮ್ಮಲ್ಲೇ ಇದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಸಾಲ ಕೊಟ್ಟು ವಸೂಲು ಮಾಡುವ ವಿದ್ಯೆ ಪಂಚಾಯಿತಿಗಿಂತ ಸಹಕಾರ ಸಂಘಕ್ಕೆ ಮತ್ತು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಚೆನ್ನಾಗಿ ಗೊತ್ತು. ಪಂಪು, ದೀಪಗಳಲ್ಲಿ ಉಳಿದ ಹಣವನ್ನು ಪಂಚಾಯಿತಿ ಮೇಲಿನವರ ಒಪ್ಪಿಗೆ ಪಡೆದು ಬಡ್ಡಿಯ ಒಂದು ಪಾಲು ಭರಿಸಲು ಕೊಡಲಿ, ಸಾಲವನ್ನು ಸಂಘ ಕೊಡಲಿ. ಪೂರ್ತಿ ಸಹಾಯಧನ ಬೇಡವೇ ಬೇಡ. ಬಿಟ್ಟಿ ಬಂದ ವಸ್ತು ಕೆಟ್ಟಾಗ ಮೂಲೆ ಸೇರುತ್ತದೆ.

ತೋಟದ ಪಂಪ್‌ಸೆಟ್ಟಿನ ಮಾತೇಕಿಲ್ಲ ಎಂದು ರೈತರು ಕೇಳಬಹುದು. 10 ಅಶ್ವಶಕ್ತಿಯವರೆಗೆ 2008ರಿಂದ ಕರೆಂಟು ಉಚಿತ. ಉಳಿಸಿದ ಯೂನಿಟ್ಟಿನ ಬೆಲೆ ರೈತನ ಕೈಗೆ ಬಾರದಿರುವಾಗ ಅವನು ತನ್ನ ಹಣ ಹಾಕಿ ಪಂಪು ಬದಲಾಯಿಸಲಿ ಎನ್ನುವುದು ನ್ಯಾಯವಲ್ಲ. ಅದು ಸರ್ಕಾರ ಮತ್ತು ವಿದ್ಯುತ್ ಕಂಪನಿಗಳು ಬಗೆಹರಿಸಬೇಕಾದ ಬೇರೆಯೇ ವಿಚಾರ.

ಮುಂದಿನ ಗ್ರಾಮ ಸಭೆಗೆ ಹೋಗುವವರು ಪಂಚಾಯಿತಿಯ ಹೆಸರಿನಲ್ಲಿರುವ ಎಲ್ಲ ಆರ್.ಆರ್. ಸಂಖ್ಯೆಗಳ ಪಟ್ಟಿಯನ್ನೂ, ಒಂದೊಂದರ 12 ತಿಂಗಳ ಬಿಲ್ಲನ್ನೂ ಅಭಿವೃದ್ಧಿ ಅಧಿಕಾರಿಯಿಂದ ಕೇಳಿ ಪಡೆಯಿರಿ. ಪಟ್ಟಿ ಹಿಡಿದು ಒಂದೊಂದೇ ಪಂಪಿನ ಹತ್ತಿರ ಹೋಗಿ ನೋಡಿ. ಎಂದೋ ಬತ್ತಿದ, ಪಂಪನ್ನೇ ಮೇಲೆತ್ತಿ ಸಾಗಿಸಿದ ಕೊಳವೆ ಬಾವಿಯ ಹೆಸರಿನಲ್ಲಿ ಇನ್ನೂ ನಿಗದಿತ ಶುಲ್ಕ ಬರುತ್ತಿರುವುದು ಸಿಕ್ಕರೆ, ಆ ಸಂಪರ್ಕವನ್ನು ರದ್ದು ಮಾಡಿಸಲು ಅಂದೇ ಒಂದು ಅರ್ಜಿ ಬರೆಸಿ.