ಇಂಟರ್ನೆಟ್‌ಗೂ ಒಂದು ‘ಝೀರೋ ನೋಡಿ ಸಾರ್’ ಬೇಕು

ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ಹುಡುಗ ಹೇಳೋ ಮೊದಲ ಮಾತು, “ಝೀರೋ ನೋಡಿ ಸಾರ್.” ದಿನಸಿ ಅಂಗಡಿಯಲ್ಲೂ ತಕ್ಕಡಿಯ ಮುಖ ಗಿರಾಕಿ ಕಡೆಗೇ ಇರಬೇಕು ಅಂತ ನಾವು ಬಯಸ್ತೀವಿ. ಆದರೆ ತಿಂಗಳು ತಿಂಗಳು ದುಡ್ಡು ಕಟ್ಟಿ ತಗೊಳ್ಳೋ ಬ್ರಾಡ್‌ಬ್ಯಾಂಡ್ ವೇಗದ ಅಳತೆ ಎಲ್ಲಿದೆ, ಅದನ್ನು ಯಾರು ಬರೀತಾರೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಅದನ್ನು ನಾನೇ ತಪ್ಪಾಗಿ ಬರೆಯುವ ತನಕ.

ನಮ್ಮೂರಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದೆ. ನಿಮ್ಮ ಮನೆಯ ರೂಟರ್ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ, ಕಂಪನಿಯ ದೊಡ್ಡ ರೂಟರ್ ಅದನ್ನು ರೇಡಿಯಸ್ ಸರ್ವರ್‌ಗೆ ಕಳಿಸಿ “ಇವನನ್ನು ಒಳಗೆ ಬಿಡಲಾ?” ಅಂತ ಕೇಳುತ್ತೆ. ಸರ್ವರ್ ಕಳಿಸೋ ಆಕ್ಸೆಸ್-ಆಕ್ಸೆಪ್ಟ್ ಉತ್ತರದಲ್ಲಿ ಬರೀ “ಬಿಡು” ಅಂತ ಇರಲ್ಲ, ಜೊತೆಗೆ ಕೆಲವು ಆಟ್ರಿಬ್ಯೂಟ್‌ಗಳೂ ಇರುತ್ತವೆ. ಅದರಲ್ಲಿ ಒಂದು ಸಾಲು ನಿಮ್ಮ ವೇಗ. ಮನೆ ತನಕ ಬಂದಿರೋ ಫೈಬರ್ ಎಷ್ಟೇ ಹೊತ್ತರೂ, ಆ ಸಾಲು ಹೇಳಿದಷ್ಟೇ ನಿಮಗೆ ಸಿಗೋದು.

ಈ ಸಾಲಿಗೆ ಎಲ್ಲರೂ ಒಪ್ಪುವ ಒಂದು ರೂಪವೇ ಇಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. 2000ನೇ ಇಸವಿಯ ಆರ್‌ಎಫ್‌ಸಿ 2865 ರೇಡಿಯಸ್‌ನ ಮೂಲ ನಿಯಮಗಳನ್ನು ಹೇಳುತ್ತೆ, ಆದರೆ ವೇಗದ ಮಿತಿಗೆ ಅಂತ ಒಂದು ಆಟ್ರಿಬ್ಯೂಟ್ ಅದರಲ್ಲಿಲ್ಲ. 26ನೇ ನಂಬರಿನ ಆಟ್ರಿಬ್ಯೂಟನ್ನು ಪ್ರತಿ ತಯಾರಕರೂ ತಮ್ಮ ಇಷ್ಟದಂತೆ ಬಳಸಿಕೊಳ್ಳಲಿ ಅಂತ ಬಿಟ್ಟಿದ್ದಾರೆ. ಮೈಕ್ರೋಟಿಕ್‌ನದು ಒಂದು ರೀತಿ, ಸಿಸ್ಕೋದು ಇನ್ನೊಂದು. ವಿಸ್ಪರ್ ಆಟ್ರಿಬ್ಯೂಟ್‌ಗಳಲ್ಲಿ ವೇಗವನ್ನು ಸೆಕೆಂಡಿಗೆ ಇಷ್ಟು ಬಿಟ್ ಅಂತ ಪೂರ್ತಿ ಸಂಖ್ಯೆಯಲ್ಲಿ ಬರೀಬೇಕು. 50 ಎಂಬಿಪಿಎಸ್‌ಗೆ 5ರ ಮುಂದೆ ಏಳು ಸೊನ್ನೆ. ಒಂದು ಸೊನ್ನೆ ಬಿಟ್ಟರೆ ಗಿರಾಕಿಗೆ 5 ಎಂಬಿಪಿಎಸ್.

ನಾನು ಎಡವಿದ್ದು ಮೈಕ್ರೋಟಿಕ್-ರೇಟ್-ಲಿಮಿಟ್‌ನಲ್ಲಿ. ಪ್ಲಾನ್ ಪ್ರಕಾರ ಡೌನ್‌ಲೋಡ್ 50, ಅಪ್‌ಲೋಡ್ 10. ನಾನು ಧೈರ್ಯವಾಗಿ ‘50ಎಂ/10ಎಂ’ ಅಂತ ಟೈಪ್ ಮಾಡಿದೆ. ಆದರೆ ಅಲ್ಲಿ ಲೆಕ್ಕ ರೂಟರ್‌ನ ಕಡೆಯಿಂದ. ಮೊದಲ ಸಂಖ್ಯೆ ರೂಟರ್ ಪಡೆಯೋದು, ಅಂದರೆ ಗಿರಾಕಿಯ ಅಪ್‌ಲೋಡ್. ಎರಡನೆಯದು ಡೌನ್‌ಲೋಡ್. ಆ ಪ್ಲಾನ್‌ನಲ್ಲಿ ಇದ್ದವರಿಗೆಲ್ಲ ಡೌನ್‌ಲೋಡ್ 10ಕ್ಕೆ ಇಳೀತು.

ಫೋನ್ ಬರತೊಡಗಿದವು. ಎಲ್ಲರಿಗೂ ನಮ್ಮದು ಒಂದೇ ಉತ್ತರ: ರೂಟರ್ ಆಫ್ ಮಾಡಿ ಆನ್ ಮಾಡಿ. ಸೈಬರ್ ಸೆಂಟರ್ ಇಟ್ಟುಕೊಂಡಿದ್ದ ಒಬ್ಬರು ಮೂರು ದಿನ ಫೋನ್ ಮಾಡಿದರು. “ನಿಮ್ಮ ರೂಟರ್ ಹಳೇದಿರಬೇಕು” ಅಂದೆವು. ಪಾಪ, ಅವರು ಹೊಸದು ಕೊಂಡರು. ಆಮೇಲೂ 10. ಕೊನೆಗೆ ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಕಳಿಸಿದರು. ಡೌನ್‌ಲೋಡ್ 10, ಅಪ್‌ಲೋಡ್ 50. ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ತಣ್ಣಗಾಯ್ತು.

ಸಾಲು ತಿದ್ದಿದೆ. ಆದರೆ ಡೇಟಾಬೇಸ್‌ನಲ್ಲಿ ತಿದ್ದಿದ್ದು ನಡೀತಾ ಇರೋ ಸೆಷನ್‌ಗೆ ತಾನಾಗಿ ಹೋಗಲ್ಲ. ಮತ್ತೆ ಲಾಗಿನ್ ಆದಾಗಲೇ ಹೊಸ ಸಾಲು ಹೋಗೋದು, ಇಲ್ಲವೇ ಸರ್ವರ್ ಕಡೆಯಿಂದ ಸಿಒಎ ಸಂದೇಶ ಕಳಿಸಬೇಕು. ನಮ್ಮಲ್ಲಿ ಸಿಒಎ ಹಾಕಿರಲಿಲ್ಲ. ಹಾಗಾಗಿ ಅವರಿಗೆ ಮತ್ತೆ ಅದೇ ಮಾತು ಹೇಳಿದೆ, ಆಫ್ ಮಾಡಿ ಆನ್ ಮಾಡಿ. ಈ ಸಲ 50 ಬಂತು. ಅವರು ಖುಷಿಯಾಗಿ, “ಹೊಸ ರೂಟರ್ ತಗೊಂಡಿದ್ದು ಒಳ್ಳೇದೇ ಆಯ್ತು ಬಿಡಿ” ಅಂದರು. ನಾನು “ಹೌದು ಸಾರ್” ಅಂದೆ. ಆ “ಹೌದು ಸಾರ್” ಇವತ್ತಿಗೂ ಚುಚ್ಚುತ್ತೆ.

ನನ್ನ ವಾದ ಇಷ್ಟೇ. ತಪ್ಪು ಎಲ್ಲರೂ ಮಾಡ್ತಾರೆ. ಆದರೆ ಅವರ ವೇಗದ ಸಾಲು ಅವರಿಗೇ ಕಾಣ್ತಿದ್ದರೆ ಮೊದಲ ದಿನವೇ ತಪ್ಪು ಸಿಕ್ಕಿಬೀಳ್ತಿತ್ತು, ರೂಟರ್‌ನ ದುಡ್ಡೂ ಉಳೀತಿತ್ತು. ಪ್ರತಿ ಕಂಪನಿಯೂ ಗಿರಾಕಿಯ ಲಾಗಿನ್ ಪುಟದಲ್ಲಿ ಮೂರು ವಿಷಯ ತೋರಿಸಲಿ: ಈಗ ನಿಮಗೆ ಹಾಕಿರೋ ವೇಗ ಎಷ್ಟು, ಅದು ಕೊನೆಗೆ ಬದಲಾಗಿದ್ದು ಯಾವಾಗ, ಯಾಕೆ.

“ಸ್ಪೀಡ್ ಟೆಸ್ಟ್ ಇದೆಯಲ್ಲ?” ಅನ್ನಬಹುದು. ಅದೇ ಮೈಕ್ರೋಟಿಕ್ ಸಾಲಿನಲ್ಲಿ ಬರ್ಸ್ಟ್ ಅಂತ ಇದೆ, ಮೊದಲ ಕೆಲವು ಸೆಕೆಂಡು ಹೆಚ್ಚು ವೇಗ ಕೊಟ್ಟು ಆಮೇಲೆ ಇಳಿಸೋದು. ವೆಬ್ ಪುಟ ಬೇಗ ತೆರೆಯೋಕೆ ಒಳ್ಳೇ ಸೌಲಭ್ಯವೇ. ಆದರೆ ಸ್ಪೀಡ್ ಟೆಸ್ಟ್ ಮುಗಿಯೋದೂ ಕೆಲವೇ ಸೆಕೆಂಡಿನಲ್ಲಿ. ಮೇಲಾಗಿ ವೈಫೈ ದೂರ ಇದ್ದರೂ ಟೆಸ್ಟ್‌ನಲ್ಲಿ ಕಮ್ಮಿ ಬರುತ್ತೆ. ಟೆಸ್ಟ್ ಬಂದದ್ದನ್ನು ಹೇಳುತ್ತೆ, ಕೊಟ್ಟದ್ದನ್ನು ಹೇಳಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ತಾನೇ ತಪ್ಪು ಯಾರ ಕಡೆ ಅಂತ ಗೊತ್ತಾಗೋದು?

“ಜನಕ್ಕೆ ಅರ್ಥ ಆಗಲ್ಲ” ಅನ್ನೋದು ಇನ್ನೊಂದು ಮಾತು. ಕರೆಂಟ್ ಬಿಲ್ಲಿನ ಯೂನಿಟ್ ಅರ್ಥ ಮಾಡಿಕೊಂಡ ಜನ ನಮ್ಮವರು. ಡೇಟಾ ಮಿತಿ ಮುಗಿದರೂ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗಿಳಿಸಬಾರದು ಅಂತ 2016ರಲ್ಲೇ ಟ್ರಾಯ್ ಕಂಪನಿಗಳಿಗೆ ಹೇಳಿದೆ. ಆ ಮಿತಿ ಪಾಲಿಸ್ತಿದ್ದಾರಾ ಅಂತ ಗಿರಾಕಿ ನೋಡೋದಾದರೂ ಹೇಗೆ, ಸಾಲೇ ಕಾಣದಿದ್ದರೆ?

ನಾಳೆ ಈ ಸಾಲುಗಳನ್ನು ಬರೆಯೋರು ನಾವೇ, ಗೆಳೆಯರೇ. ಫ್ರೀರೇಡಿಯಸ್ ಉಚಿತವಾಗಿ ಸಿಗುತ್ತೆ, ಒಂದು ಲ್ಯಾಪ್‌ಟಾಪ್ ಸಾಕು. ಮೈನರ್ ಪ್ರಾಜೆಕ್ಟ್‌ಗೆ ಮತ್ತೊಂದು ಅಟೆಂಡೆನ್ಸ್ ಆ್ಯಪ್ ಮಾಡೋ ಬದಲು, ಈ ಮೂರು ವಿಷಯ ತೋರಿಸೋ ಪುಟ ಮಾಡಿ. ಮೊದಲು ನಮ್ಮ ಹಾಸ್ಟೆಲ್ ವೈಫೈಗೇ ಹಾಕೋಣ ಅಂತ ಕೇಳೋಣ.

ನಾನಂತೂ ಈ ಸಲ ಊರಿಗೆ ಹೋದಾಗ ಆ ಸೈಬರ್ ಸೆಂಟರ್‌ಗೆ ಹೋಗಿ ನಿಜ ಹೇಳ್ತೀನಿ. ಬೈದರೆ ಬೈಸಿಕೊಳ್ತೀನಿ.