ಮನೆಯ ಎರಡನೇ ಆದಾಯ, ಊರಿನ ಕನ್ನಡ ಶಾಲೆ

ದೀಪಾವಳಿಯ ಹೊತ್ತಿಗೆ ಜತ್ತ ತಾಲ್ಲೂಕಿನ ಮಳೆಯಾಶ್ರಿತ ಹಳ್ಳಿಗಳಿಂದ ಕಬ್ಬು ಕಡಿಯುವ ತಂಡಗಳು ಹೊರಡುತ್ತವೆ. ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ಆದೋನಿ ಸೀಮೆಯ ಜನ ಮೆಣಸಿನಕಾಯಿ ಕೊಯ್ಲಿಗೆಂದು ಗುಂಟೂರಿನ ಕಡೆ ಹೋಗುತ್ತಾರೆ. ಇವರೆಲ್ಲರೂ ಭೂಮಿ ಇಲ್ಲದವರಲ್ಲ. ಎರಡು ಮೂರು ಎಕರೆ ಹೊಲ ಇದ್ದೂ ಅದರಿಂದ ವರ್ಷ ತೂಗಿಸಲಾಗದ ರೈತರೂ ಇವರಲ್ಲಿದ್ದಾರೆ. ರೈತರು ಕೃಷಿಯೊಂದನ್ನೇ ನೆಚ್ಚಿಕೊಳ್ಳದೆ ಬೇರೆ ಆದಾಯವನ್ನೂ ಕಂಡುಕೊಳ್ಳಬೇಕು ಎಂಬ ಮಾತನ್ನು ನಾವು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ನಮ್ಮ ರೈತರು ಆ ಕೆಲಸವನ್ನು ಎಂದೋ ಮಾಡಿದ್ದಾರೆ. ಆ ಎರಡನೇ ಆದಾಯ ಮನೆಯಲ್ಲಿದ್ದು ಬರುತ್ತಿದೆಯೋ, ಮನೆ ಬಿಟ್ಟು ಹೋದರೆ ಮಾತ್ರ ಬರುತ್ತಿದೆಯೋ ಎಂಬುದನ್ನು ನಾವೀಗ ಕೇಳಿಕೊಳ್ಳಬೇಕಾಗಿದೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ನೋಡೋಣ. 2012-13ರಲ್ಲಿ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ ರೂ. 6,426. ಅದರಲ್ಲಿ ಬೆಳೆಯಿಂದ ರೂ. 3,081, ಕೂಲಿ ಮತ್ತು ಸಂಬಳದಿಂದ ರೂ. 2,071 ಬರುತ್ತಿತ್ತು. 2018-19ರ ಹೊತ್ತಿಗೆ ಒಟ್ಟು ಆದಾಯ ರೂ. 10,218 ಆಯಿತು. ಆದರೆ ಬೆಳೆಯ ಪಾಲು ರೂ. 3,798 ಇದ್ದರೆ ಕೂಲಿ-ಸಂಬಳದ ಪಾಲು ರೂ. 4,063ಕ್ಕೇರಿ ಅದನ್ನೂ ಮೀರಿತ್ತು. ಕೃಷಿಯೇತರ ಸ್ವಂತ ವ್ಯವಹಾರದಿಂದ ಬಂದದ್ದು ರೂ. 641 ಮಾತ್ರ. ಒಟ್ಟು ಆದಾಯದಲ್ಲಿ ಶೇ. 8ರಷ್ಟಿದ್ದ ಅದರ ಪಾಲು ಶೇ. 6ರ ಆಸುಪಾಸಿಗೆ ಇಳಿದಿದೆ. ಅಂದರೆ ರೈತ ಹೊಸ ಉದ್ಯೋಗ ಹೂಡಿದ್ದಕ್ಕಿಂತ ಕೂಲಿ-ಸಂಬಳದ ದುಡಿಮೆಗೆ ಹೋದದ್ದೇ ಹೆಚ್ಚು.

ಎಲ್ಲ ದುಡಿಮೆಯೂ ಒಂದೇ ಬಗೆಯದಲ್ಲ. ಹೊಸೂರಿನ ಸುತ್ತಲಿನ ಹಳ್ಳಿಯ ಹುಡುಗ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಬಂದು ಮಲಗಬಹುದು. ಹೂವಿನ ತೋಟವನ್ನು ಮನೆಯವರು ನೋಡಿಕೊಳ್ಳುತ್ತಾರೆ. ಕಬ್ಬಿನ ಕೆಲಸ ಹಾಗಲ್ಲ. ಅಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಮೊದಲೇ ಪಡೆದ ಮುಂಗಡ ತೀರುವವರೆಗೂ ಇಬ್ಬರೂ ದುಡಿಯಬೇಕು. ಮನೆಯಲ್ಲಿ ಅಜ್ಜ-ಅಜ್ಜಿ ಇಲ್ಲದಿದ್ದರೆ ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಗೆ ಹೋದ ಮಗು ಐದಾರು ತಿಂಗಳು ತರಗತಿಯಿಂದ ಹೊರಗುಳಿಯುತ್ತದೆ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ.

ಗಡಿಯ ಕನ್ನಡ ಶಾಲೆಗಳಲ್ಲಿ ಮಕ್ಕಳಿಲ್ಲ ಎಂದು ನಾವು ಕೊರಗುತ್ತೇವೆ, ಮನವಿ ಬರೆಯುತ್ತೇವೆ. ಇಂಗ್ಲಿಷ್ ಮಾಧ್ಯಮದ ಸೆಳೆತ, ಶಿಕ್ಷಕರ ಕೊರತೆ ಎರಡೂ ನಿಜ. ಅವುಗಳ ಜೊತೆ ಇದನ್ನೂ ಸೇರಿಸಿಕೊಳ್ಳಬೇಕು: ಚಳಿಗಾಲದಲ್ಲಿ ಮನೆಗೆ ಬೀಗ ಬಿದ್ದರೆ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ.

ಮನೆಯಲ್ಲೇ ಇದ್ದು ದುಡಿಯುವ ದಾರಿಗಳು ನಮ್ಮ ಸೀಮೆಗೆ ಹೊಸವಲ್ಲ. ಜತ್ತ ತಾಲ್ಲೂಕಿನ ಮಾಡಗ್ಯಾಳ ಊರಿನ ಹೆಸರನ್ನೇ ಹೊತ್ತ ಕುರಿ ತಳಿ ಇದೆ. ಸೊಲ್ಲಾಪುರದ ಶೇಂಗಾ ಚಟ್ನಿಗೆ, ಖಡಕ್ ರೊಟ್ಟಿಗೆ ದೂರದ ಪೇಟೆಗಳಲ್ಲೂ ಗಿರಾಕಿ ಇದ್ದಾರೆ. ಸರ್ಕಾರದ ನೆರವೂ ಇದೆ, ಆದರೆ ಅದು ಎಲ್ಲರ ಅಳತೆಗೆ ಹೊಂದುವುದಿಲ್ಲ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಕುರಿ-ಮೇಕೆ ಘಟಕಕ್ಕೆ ಶೇ. 50 ಸಹಾಯಧನ ಕೊಡುತ್ತದೆ. ಆದರೆ ಅತಿ ಚಿಕ್ಕ ಘಟಕಕ್ಕೂ 100 ಹೆಣ್ಣು, 5 ಗಂಡು ಪ್ರಾಣಿಗಳಿರಬೇಕು. ಹತ್ತು ಕುರಿ ಸಾಕುವ ಮನೆಗೆ ಅದು ಎಟುಕದು. ಅಂಥವರಿಗೆ ಪಶುಸಂಗೋಪನೆಗೂ ಸಿಗುವ ಕಿಸಾನ್ ಕ್ರೆಡಿಟ್ ಕಾರ್ಡ್ ಹೆಚ್ಚು ಉಪಯುಕ್ತ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಶೇ. 35 ಸಹಾಯಧನವಿದೆ. ಅದು ಸಿಗಬೇಕಾದರೆ ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು.

ಭಾಷೆಯ ತೊಡಕು ಎದುರಾಗುವುದು ಇಲ್ಲೇ. ಗ್ರಾಮೀಣ ಯುವಜನರಿಗೆ ಉಚಿತ ಸ್ವಉದ್ಯೋಗ ತರಬೇತಿ ಕೊಡುವ ಮಾದರಿ 1982ರಲ್ಲಿ ಕನ್ನಡನಾಡಿನ ಉಜಿರೆಯಲ್ಲೇ ಶುರುವಾಗಿ, ಮುಂದೆ ದೇಶದ ಜಿಲ್ಲೆಗಳಿಗೆ ಹಬ್ಬಿತು. ಆದರೆ ಕನ್ನಡ ಮಾತ್ರ ಓದಬಲ್ಲ ನಮ್ಮ ಹೆಣ್ಣುಮಗಳಿಗೆ ಅರ್ಜಿ, ಪಾಠ, ಬ್ಯಾಂಕಿನ ಕಾಗದ ಎಲ್ಲವೂ ಮರಾಠಿಯಲ್ಲೋ ತೆಲುಗಿನಲ್ಲೋ ಸಿಕ್ಕರೆ, ಆಕೆ ಅರ್ಜಿಯನ್ನು ಮಡಚಿಟ್ಟು ಕೂಲಿಗೆ ಹೊರಡುತ್ತಾಳೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆ ಹಕ್ಕನ್ನು ನಾವು ಶಾಲೆಯ ವಿಷಯಕ್ಕಷ್ಟೇ ಅಲ್ಲದೆ ಹೊಟ್ಟೆಪಾಡಿನ ವಿಷಯಕ್ಕೂ ಬಳಸಬೇಕು.

ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ದಸರೆಗೆ ಮೊದಲೇ ನಿಮ್ಮೂರ ಕನ್ನಡ ಶಾಲೆಯಲ್ಲಿ ಯಾವ ಮಕ್ಕಳ ತಂದೆ-ತಾಯಿ ಗುಳೆ ಹೋಗುತ್ತಾರೆಂದು ವಿಚಾರಿಸಿ. ಆ ಮಕ್ಕಳು ಊರಲ್ಲೇ ಉಳಿಯಲು ಹಂಗಾಮಿ ವಸತಿ ವ್ಯವಸ್ಥೆ ಬೇಕೆಂದು ಮುಖ್ಯೋಪಾಧ್ಯಾಯರ ಜೊತೆ ಸೇರಿ ಅರ್ಜಿ ಕೊಡಿ. ಸಾಲ, ತರಬೇತಿಯ ಅರ್ಜಿ ತುಂಬಲು ವಾರಕ್ಕೆ ಒಂದು ಸಂಜೆ ನೆರವಾಗಿ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ಇದಕ್ಕೆ ಮುಂದೆ ಬರಲಿ. ರಾಜ್ಯೋತ್ಸವವನ್ನು ನಾವು ಎಂದಿನಂತೆ ಮಾಡೋಣ. ಆ ದಿನ ಬಾವುಟದ ಕೆಳಗೆ ನಿಲ್ಲುವ ಮಗು ಮರುವಾರವೂ ತರಗತಿಯಲ್ಲಿ ಇರುವಂತೆ ನೋಡಿಕೊಳ್ಳುವುದು ಕೂಡ ಕನ್ನಡದ ಕೆಲಸವೇ.