ಬೋರಿಂಗಿಗೆ ಬೋರ್ಡ್ ಬ್ಯಾಡ

ಹ್ವಾದ ರವಿವಾರ ಚರ್ಚು ಬಿಟ್ಟಮ್ಯಾಲ ನಮ್ಮ ಮಹಿಳಾ ಸಂಘದ ಮೀಟಿಂಗ್ ಇತ್ತು. ಈ ವರ್ಷದ ಕಾಣಿಕಿ ರೊಕ್ಕದಾಗ ಯುಗಾಂಡಾದಾಗ ಒಂದು ಬೋರಿಂಗ್ ಹಾಕಸೂಣು ಅಂತ ಠರಾವ್ ಆತು. ಭಾಳ ಛಲೋ. ಆಮ್ಯಾಲ ಒಬ್ಬಾಕಿ, "ಬಾಜೂಕ ಒಂದು ಕಲ್ಲಿನ ಬೋರ್ಡ್ ನಿಲ್ಲಿಸಿ ನಮ್ಮ ಸಂಘದ ಹೆಸರು, ದೇವರ ವಾಕ್ಯ ಬರಸ್ಬೇಕು. ನೀರು ಬರೂ ದಿನ ಊರ ಮಂದೀನ ಕೂಡಿಸಿ ಪ್ರಾರ್ಥನಾ ಮಾಡಸ್ಬೇಕು" ಅಂದ್ಲು. ಎಲ್ಲಾರೂ ಹೂಂ ಅಂದ್ರು. ನಾ ಒಬ್ಬಾಕಿ ಬ್ಯಾಡ ಅಂದೆ. ಮನಿಗೆ ಬಂದಮ್ಯಾಲ ಮೂರು ಫೋನ್ ಬಂದ್ವು. "ಯಾಕ್ರೀ ಅಕ್ಕಾರ, ದೇವರ ಹೆಸರು ಹಾಕಾಕ ನಿಮಗೇನ್ ನಾಚಿಕಿ?" ಅಂತ. ಫೋನಿನಾಗ ಹೇಳಾಕ ಬರಲಿಲ್ಲ, ಇಲ್ಲಿ ಬರೀತೀನಿ.

ನಿಮಗೆಲ್ಲಾ ಗೊತ್ತಿದ್ದದ್ದ ಐತಿ, 2012ರಾಗ ನೌಕರಿ ಮುಗಿಸಿ ನಾ ಒಂದು ತಂಡದ ಜೋಡಿ ಹನ್ನೊಂದು ತಿಂಗಳು ಉತ್ತರ ಯುಗಾಂಡಾದ ಗುಲು ಕಡೆ ಇದ್ದೆ. ಅಲ್ಲಿಯವರು ಅಚೋಲಿ ಮಂದಿ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬಂಡುಕೋರರ ಕಾಟದಾಗ ಹೊಲ ಮನಿ ಬಿಟ್ಟು ಕ್ಯಾಂಪಿನಾಗ ಬದುಕಿದವರು. ಆ ಬಂಡುಕೋರರ ದಂಡಿನ ಹೆಸರು ಲಾರ್ಡ್ಸ್ ರೆಸಿಸ್ಟನ್ಸ್ ಆರ್ಮಿ. ನೋಡ್ರಿ, ಕರ್ತನ ಹೆಸರು ಇಟ್ಟಕೊಂಡ ಸಣ್ಣ ಸಣ್ಣ ಹುಡುಗರನ್ನ ಎತ್ತಿಕೊಂಡು ಹೋಗಿ ಕೈಯಾಗ ಬಂದೂಕ ಕೊಟ್ಟವರು. ಅಂಥಾ ಮಂದೀ ಮುಂದ ನಾವು ದೇವರ ಹೆಸರಿನ ಬೋರ್ಡ್ ಹಿಡಕೊಂಡು ಹೋಗೂದಂದ್ರ ಸ್ವಲ್ಪ ವಿಚಾರ ಮಾಡಬೇಕಿಲ್ಲೋ?

ಹೋದ ಹೊಸದಾಗ ನಂಗ ಊಟದ್ದ ಚಿಂತಿ. ಮೊದಲನೇ ವಾರ ಒಂದು ಮನ್ಯಾಗ ಎಳ್ಳು ಶೇಂಗಾ ಅರದು ಹಾಕಿದ ಹುಳಿ ಪಲ್ಲೆ ಬಡಿಸಿದ್ರು, ಮಲಕ್ವಾಂಗ್ ಅಂತಾರ ಅದಕ್ಕ. ಬಾಯಾಗ ಇಟ್ಟರ ನಮ್ಮ ಪುಂಡಿಪಲ್ಲೆ! ಜೋಡಿ ರಾಗಿ ಮುದ್ದಿ. ಬೋರಿಂಗ್ ನೋಡಿದ್ರ ಅದೂ ನಮ್ಮದ. ನಮ್ಮ ಹಳ್ಳ್ಯಾಗ ಇದ್ದ ಇಂಡಿಯಾ ಮಾರ್ಕ್ 2, ಅಲ್ಲಿ ಅದಕ್ಕ ಯು-2 ಅಂತಾರ. ಈ ಪಂಪಿನ ಮೂಲ ನಮ್ಮ ಬಾಜೂಕಿನ ಸೊಲ್ಲಾಪುರ. ಅದಕ್ಕೂ ಮೊದಲು ಜಾಲನಾದಾಗ ಮಿಶನ್‌ದವರು ಮಾಡಿದ್ದರ ಮ್ಯಾಲ ಸೊಲ್ಲಾಪುರದ ಪಂಪು ತಯಾರಾತು. 1970ರ ದಶಕದಾಗ ಯುನಿಸೆಫ್ ಮತ್ತ ನಮ್ಮ ಸರ್ಕಾರ ಕೂಡಿ ಅದನ್ನ ಸುಧಾರಿಸಿ ದೇಶಕ್ಕೆಲ್ಲಾ ಹಂಚಿದ್ರು. ಆ ಹಿಡಿಕಿ ಹಿಡದಾಗ ತವರಮನಿ ಬಾಗಲಾ ಮುಟ್ಟಿದಂಗ ಆಗಿತ್ತು.

ನಮ್ಮ ತಂಡದವರು ಹಾಕಿಸಿದ್ದ ಒಂದು ಬೋರಿಂಗಿಗೆ ಎರಡು ವರ್ಷ ತುಂಬಿರಲಿಲ್ಲ, ಹೆಂಗಸರು ಅದನ್ನ ಬಿಟ್ಟು ಕೆಳಗಿನ ಒರತಿಗೆ ಹೊಂಟಿದ್ರು, ತಲಿ ಮ್ಯಾಲ ಇಪ್ಪತ್ತು ಲೀಟರಿನ ಹಳದಿ ಕ್ಯಾನ್ ಹೊತಗೊಂಡು. ದನ ಕರ ತುಳಿಯೂ ಒರತಿ ಅದು. ನಾ ನರ್ಸ್ ಅಲ್ರೀ, ಸಿಟ್ಟ ಬಂತು. ಎಲ್ಲಾರನ್ನೂ ಕೂಡಿಸಿ ಒಂದು ತಾಸು ಹೇಳಿದೆ. ಭೇದಿ, ಜಂತ, ಕಾಲರಾ ಎಲ್ಲಾ ಹೇಳಿದೆ. ಕಡೀಕ, ಈ ನೀರು ದೇವರು ಕೊಟ್ಟದ್ದು, ಬಿಟ್ಟು ಹೋಗಬಾರದು ಅಂತನೂ ಅಂದೆ. ಎಲ್ಲಾರೂ ಚಪ್ಪಾಳಿ ಹೊಡದು "ಅಪ್ವೋಯೋ" ಅಂದ್ರು, ಅಂದ್ರ ಧನ್ಯವಾದ. ಮರುದಿನ ಮತ್ತ ಒರತಿಗೇ ಹ್ವಾದ್ರು. ಎಷ್ಟು ಹೇಳಿದ್ರೂ ತಿಳಿಯೂದಿಲ್ಲ ಇವರಿಗೆ ಅಂತ ಆ ದಿನ ಡೈರಿಯಾಗ ಬರದೀನಿ, ಈಗೂ ಐತಿ.

ತಿಂಗಳು ಕಳದ ಮ್ಯಾಲ ಒಬ್ಬಾಕಿ ಮನ್ಯಾಗ ಕೂಸಿಗೆ ಭೇದಿ ಹತ್ತಿತು ಅಂತ ನೋಡಾಕ ಹೋಗಿದ್ದೆ. ಬಾಟ್ಲಿ ಒಯ್ಯೂದು ಮರತಿದ್ದೆ. ಬಿಸಲು ಅಂದ್ರ ಬಿಸಲು. "ಸ್ವಲ್ಪ ನೀರು ಕೊಡವಾ" ಅಂತ ಕೇಳಿದೆ. ಆಕಿ ಹಿಂದ ಮುಂದ ನೋಡಿದ್ಲು, ಆಮ್ಯಾಲ ಚಹಾ ಇಟ್ಟಳು. ಬೋರಿಂಗ್ ನೀರಿನ ಚಹಾ ಮಸಿಯಂಗ ಕರ್ರಗ. ಕೂಸಿನ ಬಿಳಿ ಅರಬಿ ತಂದು ತೋರಿಸಿದ್ಲು, ಎಲ್ಲಾ ತುಕ್ಕಿನ ಕಲಿ. "ಮೊದಲ ಯಾಕ ಹೇಳಲಿಲ್ಲ?" ಅಂತ ಕೇಳಿದೆ. ಬೋರ್ಡಿನ ಕಡೆ ಕೈ ಮಾಡಿ, "ದೇವರ ಹೆಸರು ಬರದಾರ, ಅವತ್ತು ಎಲ್ಲಾರೂ ಕೂಡಿ ಪ್ರಾರ್ಥನಾ ಮಾಡೀವಿ. ದೇವರ ನೀರು ಛಲೋ ಇಲ್ಲ ಅಂತ ಹೆಂಗ ಅನ್ನೂದು?" ಅಂದ್ಲು.

ಅಲ್ಲಿ ನೆಲದ ನೀರು ಸ್ವಲ್ಪ ಹುಳಿ. ಸತುವು ಹಚ್ಚಿದ ಕಬ್ಬಿಣದ ಪೈಪ್ ಇಳಿಸಿದ್ರ ಸತುವು ಕರಗಿ ಪೈಪಿಗೆ ತುಕ್ಕ ಹಿಡೀತದ, ಮುಂಜಾನೆ ಮೊದಲನೇ ಕೊಡ ಕೆಂಪಗೇ ಬರ್ತದ. ಸ್ಟೇನ್‌ಲೆಸ್ ಪೈಪ್ ಹಾಕಬೇಕಿತ್ತು, ರೊಕ್ಕಾ ಜಾಸ್ತಿ ಅಂತ ಹಾಕಿರಲಿಲ್ಲ. ಬದಲಿ ಮಾಡಾಕ ಮತ್ತ ಎರಡು ತಿಂಗಳು ಹಿಡೀತು. ಆಕಿ ಕೂಸು ಉಳೀತು. ಆ ಮಳಿಗಾಲದಾಗ ಊರಾಗ ಬ್ಯಾರೆ ಎರಡು ಕೂಸು ಉಳೀಲಿಲ್ಲ. ಒರತಿ ನೀರಿಂದಾನ ಅಂತ ನಾ ಹೇಳಲಾರೆ, ಅಲ್ಲ ಅಂತನೂ ಹೇಳಲಾರೆ.

ಇನ್ನೊಂದು ಮಾತು ಮನೀದು. 1876-78ರ ಬರದಾಗ ನಮ್ಮ ಅಜ್ಜಿಯ ಅವ್ವ ಸಣ್ಣ ಹುಡುಗಿ. ಗಂಜಿ ಹಾಕಿ ಸಾಕಿದವರು ಬಾಸೆಲ್ ಮಿಶನ್ ಸಾಹೇಬರು. ಅವರಿರಲಿಲ್ಲಂದ್ರ ನಾನೂ ಇಲ್ಲ, ಇದನ್ನ ಓದೂ ನಿಮ್ಮೊಳಗ ಅರ್ಧ ಮಂದಿನೂ ಇಲ್ಲ. ಆ ಋಣ ಸಣ್ಣದಲ್ಲ. ಆದ್ರ ಓಣ್ಯಾಗ ನಳದ ಹತ್ರ ಜಗಳಾದ್ರ "ಗಂಜೀಗೆ ಜಾತಿ ಬಿಟ್ಟವರು" ಅನ್ನೂ ಮಾತು ಬಂದ ಬರತಿತ್ತು. ಅಜ್ಜಿ ಅದಕ್ಕ ಉತ್ತರಾ ಕೊಡತಿದ್ದಿಲ್ಲ. ಒಮ್ಮೆ ನಾ ಕೇಳಿದಾಗ, "ನಮ್ಮವ್ವ ದೇವರಿಗಾಗಿ ಬಂದ್ಲೋ ಹೊಟ್ಟೀಗಾಗಿ ಬಂದ್ಲೋ ಆಕೀಗೇ ತಿಳೀಲಿಲ್ಲವಾ" ಅಂದಿದ್ಲು. ಗಂಜಿ, ಪ್ರಾರ್ಥನಾ ಎರಡೂ ಒಂದ ಕೈಯಿಂದ ಬಂದ್ರ ತಗೊಂಡಾಕಿಗೆ ಜೀವನಪೂರ್ತಿ ಈ ಸಂಶಯ ಉಳೀತದ. ಕೊಟ್ಟವರಿಗೆ ಅದು ಗೊತ್ತಾಗೂದ ಇಲ್ಲ.

"ಹಂಗಾರ ಯೇಸುನ ಹೆಸರು ಹೇಳೂದ ಬ್ಯಾಡೇನು?" ಅಂತ ಕೇಳ್ತೀರಿ. ಅಚೋಲಿ ಮಂದ್ಯಾಗ ಕ್ಯಾಥೊಲಿಕ್, ಆಂಗ್ಲಿಕನ್ ಸಭಾದವರ ಹೆಚ್ಚು. ರವಿವಾರ ನಾವಿನ್ನೂ ಕಣ್ಣ ಒರಸಿಕೊಳ್ಳೂದ್ರಾಗ ಅವರು ಹಾಡಾಕ ಹತ್ತಿರತಾರ. ಅವರಿಗೆ ನಾವೇನ್ ಪರಿಚಯ ಮಾಡಸೂದು! ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ತಗೀರಿ. ಸಮಾರ್ಯದ ಹೆಣ್ಣುಮಗಳ ಮುಂದ ಬಾವಿ ದಂಡಿಗೆ ಕುಂತು ಯೇಸುಸ್ವಾಮಿ ಮೊದಲ ಕೇಳಿದ್ದು ನೀರು. ಕೊಡೂ ಮಾತು ಆಮ್ಯಾಲ ಬಂತು. ಎಷ್ಟು ಸಲ ಈ ಭಾಗ ಓದಿ ಮಾತಾಡೀನಿ ನಾನು. ಆ ಹೆಣ್ಣುಮಗಳ ಮನ್ಯಾಗ ಬಾಯಿ ಒಣಗಿ ಕುಂತಾಗ ತಿಳೀತು ಅದು. ಒಂದು ತಾಸಿನ ಭಾಷಣಕ್ಕ ಹೊರಗ ಬರಲಾರದ ಮಾತು ಒಂದು ಕಪ್ಪು ಚಹಾಕ್ಕ ಬಂತು.

ಬರೂ ರವಿವಾರ ಮೀಟಿಂಗಿನಾಗ ನಾ ಕೇಳೂದು ಇಷ್ಟ. ಬೋರ್ಡಿಗೆ ತಗದಿಟ್ಟ ರೊಕ್ಕದಾಗ ಮೊದಲ ನೀರು ತಪಾಸಣಿ ಮಾಡಸೂಣು, ಸ್ಟೇನ್‌ಲೆಸ್ ಪೈಪ್ ಇಳಸೂಣು. ಜಾಗ ಎಲ್ಲಿ ಅಂತ ಆ ಊರ ಹೆಂಗಸರನ್ನ ಕೇಳೂಣು. ಪ್ರಾರ್ಥನಾ ಬೇಕಂದ್ರ ನಾವು ಇಲ್ಲೇ, ನಮ್ಮ ಚರ್ಚಿನಾಗ ಕುಂತು ಮಾಡೂಣು. ಫೋನ್ ಮಾಡಿದ ಮೂವರೂ ತಪ್ಪಿಸ್ದ ಬರ್ರಿ, ಬೈಯೂದಿದ್ರ ಎದುರಿಗೇ ಬೈರಿ. ರೊಟ್ಟಿ ನೀವು ತರ್ರಿ, ಪುಂಡಿಪಲ್ಲೆ ನಾ ಮಾಡಿಕೊಂಡು ಬರ್ತೀನಿ, ಎಳ್ಳು ಶೇಂಗಾ ಅರದು ಹಾಕಿ.